ಜೋಡಿ ಓದು: ಆಟ, ತಂತ್ರಜ್ಞಾನ, ರಾಜಕೀಯ, ಅರ್ಥವ್ಯವಸ್ಥೆ – ಈಚೆಗೆ ಓದಿದ್ದರಲ್ಲಿ ಯಾವುದನ್ನು ಹೇಳುತ್ತೀರಿ?

ಹಳೇ ಪುಟ

ಎಲ್ಲರಿಗೂ ನಮಸ್ಕಾರ. ಓದೋಕೆ ಒಳ್ಳೆಯ ಪುಸ್ತಕ, ಲೇಖನ, ಸಂಶೋಧನಾ ಬರಹ ಇದ್ದರೆ ಹೇಳಿ. ವಿಷಯ ನಾಲ್ಕು: ಆಟ, ತಂತ್ರಜ್ಞಾನ, ರಾಜಕೀಯ, ಅರ್ಥವ್ಯವಸ್ಥೆ. ಆದಷ್ಟೂ ಈಚಿನದ್ದಿರಲಿ. ಒಂದೇ ಒಂದು ಷರತ್ತು. ಒಂದನ್ನು ಹೇಳಿದರೆ ಅದಕ್ಕೆ ಎದುರು ಮಾತಾಡಿದ ಬರಹವನ್ನೂ ಜೊತೆಗೆ ಹೇಳಿ. ಒಂಟಿ ಬೇಡ, ಜೋಡಿ ಬೇಕು.

ಈ ಹಟ ಯಾಕೆ ಅಂದರೆ, ನಾನು ಎಷ್ಟೋ ವರ್ಷ ಒಂದು ತಪ್ಪನ್ನು ನಿಜ ಎಂದು ಹೇಳಿಕೊಂಡು ಬಂದಿದ್ದೇನೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ 'ಹಾಟ್ ಹ್ಯಾಂಡ್' ಅನ್ನುತ್ತಾರೆ. ಒಬ್ಬ ಆಟಗಾರ ಮೇಲಿಂದ ಮೇಲೆ ಮೂರು ಸಲ ಬುಟ್ಟಿಗೆ ಹಾಕಿದರೆ ಅವನ ಕೈ ಕುದುರಿದೆ ಎಂದು ಜೊತೆಯವರು ಮತ್ತೆ ಅವನಿಗೇ ಚೆಂಡು ಕೊಡುತ್ತಾರೆ. 1985ರಲ್ಲಿ ಗಿಲೊವಿಚ್, ವಲೋನ್, ಟ್ವರ್ಸ್ಕಿ ಎಂಬ ಮೂವರು ಅಂಕಿಅಂಶ ನೋಡಿ, ಇದು ಬರೀ ಭ್ರಮೆ ಎಂದರು. ಹಿಂದಿನ ಎಸೆತಕ್ಕೂ ಮುಂದಿನ ಎಸೆತಕ್ಕೂ ಸಂಬಂಧ ಕಾಣಿಸುತ್ತಿಲ್ಲ ಎಂಬುದು ಅವರ ಲೆಕ್ಕ. ಆ ಮಾತು ಪುಸ್ತಕದಿಂದ ಪುಸ್ತಕಕ್ಕೆ ಹೋಯಿತು. ನಾನೂ ಓದಿದೆ, ನಂಬಿದೆ. ಆಟ ನೋಡುವಾಗ ಪಕ್ಕದಲ್ಲಿ ಕೂತವರಿಗೆಲ್ಲ ಹೇಳಿದೆ.

2018ರಲ್ಲಿ ಜೋಶುವಾ ಮಿಲ್ಲರ್, ಆಡಮ್ ಸಾನ್‌ಹುರ್ಹೋ ಎಂಬಿಬ್ಬರು 'ಇಕನೊಮೆಟ್ರಿಕಾ' ಪತ್ರಿಕೆಯಲ್ಲಿ ಬರೆದರು. ಹಳೆಯ ಲೆಕ್ಕದ ಅಳತೆಗೋಲೇ ಸೊಟ್ಟಗಿದೆ, ಅದನ್ನು ನೆಟ್ಟಗೆ ಮಾಡಿದರೆ ಅದೇ ಹಳೆಯ ಅಂಕಿಗಳಲ್ಲೇ ಕೈ ಕುದುರುವುದು ಕಾಣುತ್ತದೆ ಎಂದು ತೋರಿಸಿದರು. ಮೊದಲನೆಯದು ನನ್ನ ಕೈಗೆ ಸಿಕ್ಕಷ್ಟು ಸುಲಭವಾಗಿ ಎರಡನೆಯದು ಸಿಗಲಿಲ್ಲ. ಅದಕ್ಕೇ ಕೇಳುತ್ತಿರುವುದು.

ಲೆಕ್ಕದ ಟೀಚರ್

ನೀವು ಹೇಳಿದ ಜೋಡಿಯೇ ಈ ಪಟ್ಟಿಯಲ್ಲಿ ಮೊದಲಿರಲಿ. ಆದರೆ ಎರಡನೆಯ ಬರಹ ಸಮೀಕರಣ ತುಂಬಿದ್ದು, ತೆರೆದವರು ಹೆದರಿ ಮುಚ್ಚಿಬಿಡುತ್ತಾರೆ. ಅದರ ತಿರುಳು ಒಂದು ಹಾಳೆಯಲ್ಲಿ ಮುಗಿಯುತ್ತದೆ. ಪೆನ್ಸಿಲ್ ತಗೊಳ್ಳಿ.

ಒಂದು ನಾಣ್ಯವನ್ನು ಮೂರು ಸಲ ಚಿಮ್ಮಿಸಿ. ಎಂಟು ರೀತಿ ಬೀಳಬಹುದು. ಪ್ರತಿಯೊಂದರಲ್ಲೂ ಒಂದೇ ಪ್ರಶ್ನೆ: ಹೆಡ್ ಬಿದ್ದ ಬೆನ್ನಿಗೇ ಚಿಮ್ಮಿಸಿದ್ದರಲ್ಲಿ ಎಷ್ಟು ಪಾಲು ಮತ್ತೆ ಹೆಡ್?

ಹೆಡ್-ಹೆಡ್-ಹೆಡ್: ಎರಡು ಅವಕಾಶ, ಎರಡೂ ಹೆಡ್. ಪಾಲು 1.
ಹೆಡ್-ಹೆಡ್-ಟೇಲ್: ಎರಡು ಅವಕಾಶ, ಒಂದು ಹೆಡ್. ಅರ್ಧ.
ಹೆಡ್-ಟೇಲ್-ಹೆಡ್: 0.
ಹೆಡ್-ಟೇಲ್-ಟೇಲ್: 0.
ಟೇಲ್-ಹೆಡ್-ಹೆಡ್: 1.
ಟೇಲ್-ಹೆಡ್-ಟೇಲ್: 0.
ಉಳಿದ ಎರಡರಲ್ಲಿ ಹೆಡ್ ಆದ ಮೇಲೆ ಚಿಮ್ಮಿಸುವ ಅವಕಾಶವೇ ಬರುವುದಿಲ್ಲ, ಬಿಡಿ.

ಆರನ್ನೂ ಕೂಡಿಸಿ: ಎರಡೂವರೆ. ಆರರಿಂದ ಭಾಗಿಸಿದರೆ 12ರಲ್ಲಿ 5. ಅಂದರೆ ಸುಮಾರು ಶೇ. 42. ನಾಣ್ಯಕ್ಕೆ ನೆನಪು ಇಲ್ಲ, ಕೈ ಕುದುರುವುದೂ ಇಲ್ಲ. ಆದರೂ ಶೇ. 50 ಬರಬೇಕಾದ ಕಡೆ 42 ಬಂತು, ಅಲ್ವಾ? ಮೊದಲ ಸಾಲಿನಲ್ಲಿ ಹೆಡ್ ಆದ ಮೇಲಿನ ಹೆಡ್ ಎರಡಿದ್ದರೂ ಅದಕ್ಕೆ ಒಂದೇ ಸಾಲಿನ ತೂಕ ಸಿಕ್ಕಿತು, ಅದಕ್ಕೇ ಸರಾಸರಿ ಕೆಳಕ್ಕೆ ಜಾರಿತು. ಹಾಗಾಗಿ ಸಾಲಾಗಿ ಬುಟ್ಟಿಗೆ ಹಾಕಿದ ಮೇಲೂ ಒಬ್ಬ ಆಟಗಾರ ತನ್ನ ಮಾಮೂಲಿ ಶೇ. 50 ಉಳಿಸಿಕೊಂಡರೆ, ಅವನ ಕೈ ನಿಜವಾಗಿಯೂ ಕುದುರಿದೆ ಎಂದೇ ಅರ್ಥ. 1985ರವರು ಅದನ್ನು 'ಏನೂ ವ್ಯತ್ಯಾಸ ಇಲ್ಲ' ಎಂದು ಓದಿದರು.

ನಾನು ತರಗತಿಯಲ್ಲಿ ಇದನ್ನು ಮಾಡಿಸುತ್ತೇನೆ. ಮಕ್ಕಳು ಮೂರು ಮೂರು ಸಲ ಪರೀಕ್ಷಿಸುತ್ತಾರೆ, ಕೂಡುವುದರಲ್ಲಿ ತಪ್ಪಿರಬೇಕು ಎಂದು. ತಪ್ಪು ಇರುವುದಿಲ್ಲ.

ಮಿಡ್ ಆಫ್

ಟೀಚರ್, ಈಗಷ್ಟೇ ಹಾಳೆ ಮೇಲೆ ಮಾಡಿ ನೋಡಿದೆ. ಐದು ನಿಮಿಷ ಸುಮ್ನೆ ಕೂತುಬಿಟ್ಟೆ.

ಆಟದ ಕಡೆಯಿಂದ ನನ್ನದು ಎರಡು. ಮೊದಲನೆಯದು ಫುಟ್‌ಬಾಲ್ ಪೆನಾಲ್ಟಿ. 2007ರಲ್ಲಿ ಬಾರ್-ಎಲಿ ಮತ್ತು ಜೊತೆಯವರು 286 ಪೆನಾಲ್ಟಿ ನೋಡಿ ಬರೆದದ್ದು. ಗೋಲ್‌ಕೀಪರ್ ಎಡಕ್ಕೆ ಹಾರಿದಾಗ ಚೆಂಡು ತಡೆದದ್ದು ಶೇ. 14.2, ಬಲಕ್ಕೆ ಹಾರಿದಾಗ ಶೇ. 12.6. ನಡುವೆ ನಿಂತಾಗ ಶೇ. 33.3! ಆದರೂ ಅವರು ನಡುವೆ ನಿಂತದ್ದು ಶೇ. 6.3 ಸಲ ಮಾತ್ರ. ಕಾರಣ ಏನು ಅಂದರೆ, ನಿಂತಲ್ಲೇ ನಿಂತು ಗೋಲು ಬಿಟ್ಟರೆ 'ಏನೂ ಮಾಡಲಿಲ್ಲ' ಎಂಬ ಸಂಕಟ ಜಾಸ್ತಿ. ಹಾರಿ ಬಿಟ್ಟರೆ 'ಪ್ರಯತ್ನಪಟ್ಟ' ಎನ್ನುತ್ತಾರೆ. ಓದಿದ ಮೇಲೆ ಪೆನಾಲ್ಟಿ ನೋಡುವಾಗೆಲ್ಲ 'ನಿಲ್ಲು, ಅಲ್ಲೇ ನಿಲ್ಲು' ಎನ್ನುತ್ತೇನೆ.

ಎರಡನೆಯದು ಟಿಮ್ ವಿಗ್‌ಮೋರ್, ಫ್ರೆಡ್ಡಿ ವೈಲ್ಡ್ ಬರೆದ 'ಕ್ರಿಕೆಟ್ 2.0', 2019ರದ್ದು. ಟಿ20 ಎಂಬುದು ಚಿಕ್ಕದು ಮಾಡಿದ ಕ್ರಿಕೆಟ್ ಅಲ್ಲ, ಬೇರೆಯದೇ ಆಟ ಎನ್ನುವುದು ನನಗೆ ಅದರಿಂದ ಮನದಟ್ಟಾಯಿತು. ಸುಲಭ ಲೆಕ್ಕ ನೋಡಿ. 50 ಓವರ್ ಅಂದರೆ 300 ಎಸೆತ, 10 ವಿಕೆಟ್. ಒಂದು ವಿಕೆಟ್ ಪಾಲಿಗೆ 30 ಎಸೆತ. 20 ಓವರ್‌ನಲ್ಲಿ 120 ಎಸೆತಕ್ಕೂ ಅದೇ 10 ವಿಕೆಟ್. ಒಂದರ ಪಾಲಿಗೆ 12. ವಿಕೆಟ್ ಅಗ್ಗ ಆಯಿತು, ಎಸೆತ ತುಟ್ಟಿ ಆಯಿತು. 30 ಎಸೆತಕ್ಕೆ 30 ರನ್ ಹೊಡೆದು ಔಟಾಗದೆ ಉಳಿದವನು ತಂಡಕ್ಕೆ ಉಪಕಾರ ಮಾಡಿದನೋ ಅಪಕಾರ ಮಾಡಿದನೋ ಎಂದು ಕೇಳಲೇಬೇಕಾಗುತ್ತದೆ.

ಜೋಡಿ ಏನು ಎಂದು ನನಗೆ ಹೊಳೆಯುತ್ತಿಲ್ಲ. ಗೊತ್ತಿದ್ದವರು ಹೇಳಿ.

ಲೆಕ್ಕದ ಟೀಚರ್

ಮಿಡ್ ಆಫ್ ಅವರೇ, ಪೆನಾಲ್ಟಿಗೆ ಜೋಡಿ ಇದೆ. ಇಗ್ನಾಸಿಯೋ ಪಲಾಸಿಯೋಸ್-ಹುವೆರ್ತಾ 2003ರಲ್ಲಿ ಬರೆದದ್ದು, 1,417 ಪೆನಾಲ್ಟಿ. ಒದೆಯುವವರು, ತಡೆಯುವವರು ಇಬ್ಬರೂ ದಿಕ್ಕನ್ನು ಬೆರೆಸುವ ರೀತಿ ಆಟದ ಸಿದ್ಧಾಂತ (ಎದುರಾಳಿ ಏನು ಮಾಡಬಹುದು ಎಂದು ಲೆಕ್ಕ ಹಾಕಿ ಆಡುವ ಗಣಿತ) ಹೇಳುವುದಕ್ಕೆ ತುಂಬಾ ಹತ್ತಿರ ಇದೆ ಎನ್ನುವುದು ಅವರ ತೀರ್ಮಾನ. ಮೊದಲಿನ ಬರಹದ ಗೋಲ್‌ಕೀಪರ್ ತಪ್ಪು ಮಾಡುತ್ತಿದ್ದಾನೆ, ಇಲ್ಲಿನವನು ಸರಿಯಾಗಿ ಆಡುತ್ತಿದ್ದಾನೆ. ಎರಡನ್ನೂ ಓದಿ.

ಓದುವಾಗ ಒಂದನ್ನು ಗಮನಿಸಿ. 286ರಲ್ಲಿ ಶೇ. 6.3 ಎಂದರೆ ಎಷ್ಟು? 18. ಆ 18ರಲ್ಲಿ ಶೇ. 33.3 ಎಂದರೆ 6. ಇಷ್ಟು ದೊಡ್ಡ ಮಾತು ನಿಂತಿರುವುದು ಆರು ಚೆಂಡುಗಳ ಮೇಲೆ. ಇನ್ನೂ ಎರಡು ಚೆಂಡು ಒಳಗೆ ಹೋಗಿದ್ದರೆ 22 ಆಗುತ್ತಿತ್ತು.

ರಾತ್ರಿ ಪಾಳಿ

ನಾನು ಎಕ್ಸ್-ರೇ, ಸಿಟಿ ಸ್ಕ್ಯಾನ್ ತೆಗೆಯುವ ಕೆಲಸದಲ್ಲಿದ್ದೇನೆ. ಹಾಗಾಗಿ ತಂತ್ರಜ್ಞಾನದ ಜೋಡಿ ನನ್ನ ಕಡೆಯಿಂದ.

2016ರಲ್ಲಿ ಜೆಫ್ರಿ ಹಿಂಟನ್ ಒಂದು ಮಾತು ಹೇಳಿದ್ದರು. ರೇಡಿಯಾಲಜಿಸ್ಟ್‌ಗಳನ್ನು, ಅಂದರೆ ಎಕ್ಸ್-ರೇ, ಸ್ಕ್ಯಾನ್ ನೋಡಿ ರೋಗ ಹೇಳುವ ಡಾಕ್ಟರ್‌ಗಳನ್ನು, ತಯಾರು ಮಾಡುವುದನ್ನು ಈಗಲೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರ ಅವರಿಗಿಂತ ಚೆನ್ನಾಗಿ ನೋಡುತ್ತದೆ ಎಂದು. ಅವರೇನು ಸಾಮಾನ್ಯರಲ್ಲ, ಈಗಿನ ಎಐಗೆ ಬುನಾದಿಯಾದ ನರಜಾಲ ಮಾದರಿಗಳ ಕೆಲಸಕ್ಕೆ 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆ ಮಾತು ಕೇಳಿದಾಗ ನಾನು ಈ ಕೆಲಸ ಕಲಿಯುತ್ತಿದ್ದೆ. ಬಿಟ್ಟುಬಿಡಲಾ ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಈಗ ಯಂತ್ರ ಬಂದಿದೆ, ನಿಜ. ಚಿತ್ರ ತೆಗೆದ ಸ್ವಲ್ಪ ಹೊತ್ತಿಗೆ ಅನುಮಾನ ಇರುವ ಜಾಗಕ್ಕೆ ಒಂದು ಚೌಕ ಬೀಳುತ್ತದೆ. ರಾತ್ರಿ ರೋಗಿಗಳು ಸಾಲಾಗಿ ಬಂದಾಗ ಯಾರದನ್ನು ಮೊದಲು ನೋಡಬೇಕು ಎನ್ನುವುದಕ್ಕೆ ಅದು ತುಂಬಾ ಸಹಾಯ. ಆದರೆ ಮೊನ್ನೆ ಒಬ್ಬರ ಶ್ವಾಸಕೋಶದ ಮೇಲೆ ಚೌಕ ಬಿತ್ತು. ಡಾಕ್ಟರ್ ಅದನ್ನು ನೋಡಿ, ಹಿಂದೆ ತೆಗೆದ ಎಕ್ಸ್-ರೇ ಇದೆಯಾ ಎಂದು ಕೇಳಿದರು. ಹುಡುಕಿ ಕೊಟ್ಟೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಹಳೆಯದರಲ್ಲೂ ಅದೇ ಜಾಗದಲ್ಲಿ ಅಷ್ಟೇ ದೊಡ್ಡ ಕಲೆ. ಯಾವತ್ತೋ ವಾಸಿಯಾದ ಗಾಯದ ಗುರುತು. ಆಮೇಲೆ ಹೊರಗೆ ಹೋಗಿ ಆ ರೋಗಿ ಪಕ್ಕ ಕೂತು, ಹೆದರಬೇಡಿ ಎಂದು ವಿವರಿಸಿದರು. ಚೌಕ ಹಾಕಿದ್ದು ಕೆಲಸದ ಒಂದು ತುಂಡು. ಹಳೆಯದನ್ನು ಕೇಳಿದ್ದು, ಹೋಲಿಸಿದ್ದು, ಹೇಳಿದ್ದು ಉಳಿದ ತುಂಡುಗಳು.

ಇದಕ್ಕೆ ಜೋಡಿಯಾಗಿ ಅರವಿಂದ ನಾರಾಯಣನ್, ಸಯಾಶ್ ಕಪೂರ್ ಬರೆದ 'ಎಐ ಸ್ನೇಕ್ ಆಯಿಲ್' ಓದಿ. 2024ರದ್ದು. ಎಐ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಸರಕುಗಳಿವೆ, ಬರಹ–ಚಿತ್ರ ಹುಟ್ಟಿಸುವುದು ಬೇರೆ, ಮನುಷ್ಯರ ಮುಂದಿನ ಬದುಕನ್ನು ಊಹಿಸುತ್ತೇನೆ ಎನ್ನುವುದು ಬೇರೆ ಎಂದು ಬಿಡಿಸಿ ಹೇಳುತ್ತಾರೆ. ಎರಡನೆಯದರ ಮೇಲೆ ಅವರಿಗೆ ಜಾಸ್ತಿ ಅನುಮಾನ. ಆ ಅನುಮಾನಕ್ಕೆ ಒಂದು ಉದಾಹರಣೆ: 2020ರಲ್ಲಿ ಒಂದು ಸ್ಪರ್ಧೆಯ ಫಲಿತಾಂಶ ಬಂತು. 160 ತಂಡಗಳು, 4,000ಕ್ಕೂ ಹೆಚ್ಚು ಕುಟುಂಬಗಳ ಮಾಹಿತಿ, ಪ್ರತಿ ಕುಟುಂಬದ ಬಗ್ಗೆ ಸಾವಿರಾರು ವಿವರ. ಮಗುವಿನ ಮುಂದಿನ ಅಂಕ, ಮನೆಯ ಸ್ಥಿತಿ ಇವನ್ನು ಊಹಿಸಬೇಕಿತ್ತು. ಗೆದ್ದ ಮಾದರಿಗಳು ನಾಲ್ಕೇ ನಾಲ್ಕು ಅಂಶ ಇಟ್ಟುಕೊಂಡ ಹಳೆಯ ಸರಳ ಲೆಕ್ಕಕ್ಕಿಂತ ಸ್ವಲ್ಪ ಮಾತ್ರ ಮೇಲಿದ್ದವು. ಅಷ್ಟೂ ಜನ ಕೂತು ಮಾಡಿದರೂ ಅಷ್ಟೇ.

ಬಿಡಿಭಾಗ

ರಾತ್ರಿ ಪಾಳಿಯವರೇ, ಓದಿ ಮನಸ್ಸು ತುಂಬಿತು. ಆದರೆ ನಿಮ್ಮ ಪುಸ್ತಕಕ್ಕೂ ಒಂದು ಎದುರು ಬೇಕು. ಎಐ ಊಹೆ ಎಲ್ಲಾ ಕಡೆ ಸೋಲುತ್ತದೆ ಎಂದು ಯಾರೂ ತಿಳಿಯಬಾರದು. ಆಲ್ಫಾಫೋಲ್ಡ್ ಬಗ್ಗೆ ಓದಿ. ಪ್ರೋಟೀನ್ ಹೇಗೆ ಮಡಚಿಕೊಳ್ಳುತ್ತದೆ ಎಂದು ಊಹಿಸುವ ವ್ಯವಸ್ಥೆ. 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೋಟೀನ್‌ಗಳ ಆಕಾರವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪಾಲು ಅದನ್ನು ಕಟ್ಟಿದ ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಅವರಿಗೆ ಹೋಯಿತು. ಅಲ್ಲಿ ಯಾಕೆ ಗೆದ್ದಿತು, ಕುಟುಂಬಗಳ ವಿಷಯದಲ್ಲಿ ಯಾಕೆ ಸೋತಿತು ಎಂದು ಕೇಳಿಕೊಂಡರೆ ಎರಡೂ ಅರ್ಥವಾಗುತ್ತವೆ. ಪ್ರೋಟೀನ್ ಭೌತನಿಯಮ ಬಿಟ್ಟು ಆಚೆ ಹೋಗುವುದಿಲ್ಲ. ಪ್ರಯೋಗಾಲಯಗಳಲ್ಲಿ ದಶಕಗಟ್ಟಲೆ ಕೂತು ಕಂಡುಹಿಡಿದ ಲಕ್ಷಕ್ಕೂ ಮೀರಿದ ಆಕಾರಗಳು ಕಲಿಕೆಗೆ ಸಿದ್ಧವಾಗಿದ್ದವು. ಮಗುವಿನ ಬದುಕಿಗೆ ಅಂಥ ನಿಯಮ ಯಾವುದಿದೆ?

ಹಳೇ ಪುಟ ಅವರ ಷರತ್ತಿನ ಬಗ್ಗೆ ಮಾತ್ರ ನನ್ನದೊಂದು ತಕರಾರಿದೆ. ಎಲ್ಲಾ ಪುಸ್ತಕಕ್ಕೂ ಎದುರಾಳಿ ಹುಡುಕುವುದು ಸರಿಯಲ್ಲ. ಕೆಲವು ಪುಸ್ತಕ ವಾದ ಹೂಡುವುದಿಲ್ಲ, ಒಂದು ವಸ್ತು ಹೇಗೆ ತಯಾರಾಗುತ್ತದೆ ಎಂದು ತೋರಿಸುತ್ತವೆ. ಕ್ರಿಸ್ ಮಿಲ್ಲರ್ ಬರೆದ 'ಚಿಪ್ ವಾರ್', 2022. ನಾನು ಎರಡು ಸಲ ಓದಿದ್ದೇನೆ.

ಅದರಲ್ಲಿ ಒಂದು ಯಂತ್ರದ ವಿವರ ಬರುತ್ತದೆ. ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಕಂಪನಿ ತಯಾರಿಸುವ ಇಯುವಿ ಯಂತ್ರ, ಬೆಳಕಿನಿಂದ ಚಿಪ್ ಮೇಲೆ ಗೆರೆ ಮೂಡಿಸುವಂಥದ್ದು. ಅತಿ ಸಣ್ಣ ಗೆರೆಗಳ ಚಿಪ್ ಮಾಡಲು 13.5 ನ್ಯಾನೊಮೀಟರ್ ತರಂಗದ ಬೆಳಕು ಬೇಕು. ಅಂಥ ಬೆಳಕು ಕೊಡುವ ದೀಪ ಇಲ್ಲ. ಹಾಗಾಗಿ ಏನು ಮಾಡುತ್ತಾರೆ ನೋಡಿ. ಕರಗಿದ ತವರದ ಒಂದು ಹನಿಯನ್ನು ನಿರ್ವಾತದಲ್ಲಿ ಚಿಮ್ಮುತ್ತಾರೆ. ಹನಿಯ ಅಗಲ ಮೀಟರಿನ ಹತ್ತು ಲಕ್ಷದಲ್ಲಿ ಮೂವತ್ತು ಪಾಲು. ಅದು ಗಂಟೆಗೆ 300 ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಹೋಗುತ್ತಿರುವಾಗಲೇ ಲೇಸರ್ ಎರಡು ಸಲ ಹೊಡೆಯುತ್ತದೆ. ಮೊದಲ ಏಟಿಗೆ ಹನಿ ಬಿಸಿಯಾಗುತ್ತದೆ, ಎರಡನೆಯದಕ್ಕೆ ಸೂರ್ಯನ ಮೇಲ್ಮೈಗಿಂತ ಎಷ್ಟೋ ಪಟ್ಟು ಬಿಸಿಯ ಪ್ಲಾಸ್ಮಾ ಆಗುತ್ತದೆ. ಆಗ ಬೇಕಾದ ಬೆಳಕು ಹೊರಡುತ್ತದೆ. ಇದು ಸೆಕೆಂಡಿಗೆ 50,000 ಸಲ. ಆ ಲೇಸರ್ ಒಂದರಲ್ಲೇ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಬಿಡಿಭಾಗಗಳಿವೆ.

ಇದನ್ನು ಓದಿದ ಮೇಲೆ ಚಿಪ್ ರಫ್ತಿನ ನಿರ್ಬಂಧದ ಸುದ್ದಿ ಬೇರೆಯೇ ಥರ ಕಾಣುತ್ತದೆ. ಹಣ ಇದ್ದರೆ ಯಾವ ದೇಶವಾದರೂ ನಾಳೆಯೇ ಚಿಪ್ ಮಾಡಿಬಿಡಬಹುದು ಎಂದು ಯಾರಾದರೂ ಹೇಳಿದರೆ, ನನಗೆ ಆ ತವರದ ಹನಿ ಕಣ್ಣ ಮುಂದೆ ಬರುತ್ತದೆ. ಈಗ ಹೇಳಿ, ಈ ವಿವರಕ್ಕೆ ಎದುರು ವಾದ ಎಲ್ಲಿಂದ ತರೋದು?

ಹಳೇ ಪುಟ

ಬಿಡಿಭಾಗ ಅವರೇ, ತಕರಾರು ಒಪ್ಪಿದೆ. ಯಂತ್ರದ ವಿವರಕ್ಕೆ ಎದುರು ವಾದ ಬೇಕಿಲ್ಲ. ಆದರೆ ಜೋಡಿ ಬೇಕು ಎಂದೇ ಹೇಳುತ್ತೇನೆ, ಬೇರೆ ರೀತಿಯದ್ದು. ಎಡ್ ಕಾನ್‌ವೇ ಬರೆದ 'ಮೆಟೀರಿಯಲ್ ವರ್ಲ್ಡ್', 2023. ಮರಳು, ಉಪ್ಪು, ಕಬ್ಬಿಣ, ತಾಮ್ರ, ಎಣ್ಣೆ, ಲಿಥಿಯಂ, ಈ ಆರೇ ವಸ್ತುಗಳ ಕಥೆ. 'ಚಿಪ್ ವಾರ್' ಓದಿದಾಗ ಜಗತ್ತು ಮುಗಿಯುವುದು ಸಿಲಿಕಾನ್ ಬಿಲ್ಲೆಯಲ್ಲಿ ಅನ್ನಿಸಿತ್ತು. ಇದು ಅದರ ಕೆಳಗಿನ ಮಹಡಿಗೆ ಕರೆದುಕೊಂಡು ಹೋಗುತ್ತದೆ, ಆ ಬಿಲ್ಲೆ ಯಾವ ಕಲ್ಲಿನಿಂದ ಬಂತು ಎಂದು. ಮೊದಲ ಪುಸ್ತಕ ಮನುಷ್ಯರ, ಸರ್ಕಾರಗಳ ಕಥೆ. 1987ರಲ್ಲಿ ಮಾರಿಸ್ ಚಾಂಗ್ ತೈವಾನ್‌ನಲ್ಲಿ ಟಿಎಸ್‌ಎಂಸಿ ಎಂಬ ಚಿಪ್ ಕಂಪನಿ ಶುರು ಮಾಡಿ, ಬೇರೆಯವರ ವಿನ್ಯಾಸವನ್ನು ತಯಾರಿಸಿ ಕೊಡುವುದನ್ನೇ ಕಸುಬು ಮಾಡಿಕೊಂಡಂಥ ನಿರ್ಧಾರಗಳು ಅಲ್ಲಿ ಮುಖ್ಯ. ಎರಡನೆಯದರಲ್ಲಿ ನೆಲವೇ ಮುಖ್ಯ.

ಗಾಳಿಪಟ

ಎಲ್ಲರ ಮಾತೂ ಚೆನ್ನಾಗಿದೆ. ಆದರೆ ಕೆಲಸ ಮುಗಿಸಿ ಮನೆಗೆ ಬರುವಷ್ಟರಲ್ಲಿ ಕಣ್ಣು ಎಳೆಯುತ್ತದೆ. ನಾಲ್ಕು ವಿಷಯಕ್ಕೆ ನಾಲ್ಕು ಜೋಡಿ ಎಂದರೆ ಎಂಟು ಪುಸ್ತಕ. ಎಲ್ಲಿಂದ ಶುರು ಮಾಡಲಿ?

ಲೆಕ್ಕದ ಟೀಚರ್

ಪುಸ್ತಕದಿಂದ ಬೇಡ. ಸಂಶೋಧನಾ ಬರಹದ ಮೊದಲ ಪುಟದ ಸಾರಾಂಶ ಓದಿ, ಆಮೇಲೆ ಕೋಷ್ಟಕ ನೋಡಿ. ನಡುವಿನ ಮೂವತ್ತು ಪುಟ ಬಿಟ್ಟರೂ ಪರವಾಗಿಲ್ಲ. ಪೆನಾಲ್ಟಿ ಜೋಡಿ ಒಂದೇ ಸಂಜೆಗೆ ಆಗುತ್ತದೆ.

ಬಿಡುವಿನ ಓದು

ಗಾಳಿಪಟ ಅವರಿಗೆ ಒಂದು ಸಂಜೆಗೆ ಆಗುವಂಥ ಇನ್ನೊಂದು ಜೋಡಿ ಹೇಳುತ್ತೇನೆ, ಅರ್ಥವ್ಯವಸ್ಥೆಯದ್ದು. ತೀರಾ ಹೊಸದಲ್ಲ, ಆದರೆ ಇದನ್ನು ಓದಿರದಿದ್ದರೆ ಈಗಿನ ಸಾಲದ ಚರ್ಚೆಗಳು ಅರ್ಧವೇ ಅರ್ಥವಾಗುತ್ತವೆ.

2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೊಗಾಫ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಚಿಕ್ಕ ಬರಹ ಪ್ರಕಟಿಸಿದರು. ಸರ್ಕಾರದ ಸಾಲ ಜಿಡಿಪಿಯ ಶೇ. 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ, ಸರಾಸರಿ ಶೇ. -0.1ಕ್ಕೆ ಇಳಿಯುತ್ತದೆ ಎಂದು. ಖರ್ಚು ಕಡಿತ ಮಾಡಬೇಕು ಎನ್ನುತ್ತಿದ್ದ ರಾಜಕಾರಣಿಗಳು ಹಲವು ದೇಶಗಳಲ್ಲಿ ಆ 90 ಅನ್ನು ಎತ್ತಿ ಎತ್ತಿ ಹೇಳಿದರು.

ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಗೆ ತರಗತಿಯ ಕೆಲಸಕ್ಕೆ ಈ ಲೆಕ್ಕವನ್ನು ಮತ್ತೆ ಮಾಡಿ ನೋಡಬೇಕಿತ್ತು. ಎಷ್ಟು ಸಲ ಮಾಡಿದರೂ ಉತ್ತರ ಹೊಂದಲಿಲ್ಲ. ಕೊನೆಗೆ ಬರೆದವರನ್ನೇ ಕೇಳಿದ, ಅವರು ತಮ್ಮ ಎಕ್ಸೆಲ್ ಕಡತ ಕಳಿಸಿದರು. ಅದು ಅವರ ದೊಡ್ಡ ಗುಣ, ಹೇಳಲೇಬೇಕು. ತೆರೆದು ನೋಡಿದರೆ ಸರಾಸರಿಯ ಸೂತ್ರ 30ನೇ ಸಾಲಿನಿಂದ 44ನೇ ಸಾಲಿನವರೆಗೆ ಮಾತ್ರ ಹೋಗಿತ್ತು. 49ರವರೆಗೆ ಹೋಗಬೇಕಿತ್ತು. ಐದು ದೇಶ ಹೊರಗುಳಿದಿದ್ದವು: ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್. 2013ರಲ್ಲಿ ಹರ್ನ್‌ಡನ್, ಮೈಕೆಲ್ ಆಶ್, ರಾಬರ್ಟ್ ಪೊಲಿನ್ ಎಲ್ಲವನ್ನೂ ಸರಿಪಡಿಸಿ ಲೆಕ್ಕ ಹಾಕಿದರು. -0.1 ಇದ್ದದ್ದು 2.2 ಆಯಿತು.

ಇಲ್ಲಿಗೇ ನಿಲ್ಲಿಸಬೇಡಿ. ಎಲ್ಲರೂ ಎಕ್ಸೆಲ್ ತಪ್ಪನ್ನು ನೆನಪಿಟ್ಟುಕೊಂಡಿದ್ದಾರೆ, ಆದರೆ ವ್ಯತ್ಯಾಸದ ದೊಡ್ಡ ಪಾಲು ಬಂದದ್ದು ಅದರಿಂದಲ್ಲ. ಕೆಲವು ವರ್ಷಗಳ ಮಾಹಿತಿ ಬಿಟ್ಟದ್ದರಿಂದ, ದೇಶಗಳಿಗೆ ತೂಕ ಕೊಟ್ಟ ರೀತಿಯಿಂದ ಬಂತು. ಒಂದು ದೇಶ ಒಂದೇ ವರ್ಷ ಶೇ. 90ರ ಮೇಲಿದ್ದರೂ, ಇನ್ನೊಂದು ಹತ್ತೊಂಬತ್ತು ವರ್ಷ ಇದ್ದರೂ ಎರಡಕ್ಕೂ ಒಂದೇ ತೂಕ. ಟೀಚರ್ ಹೇಳಿದ ನಾಣ್ಯದ ಲೆಕ್ಕ ನೆನಪಾಗುತ್ತದೆ, ಅಲ್ವಾ? ಅಲ್ಲೂ ಸಾಲಿಗೆ ಕೊಟ್ಟ ತೂಕವೇ ಆಟ ಆಡಿತ್ತು. ರೈನ್‌ಹಾರ್ಟ್, ರೊಗಾಫ್ ಎಕ್ಸೆಲ್ ತಪ್ಪು ಒಪ್ಪಿದರು. ಸಾಲ ಜಾಸ್ತಿ ಇದ್ದಾಗ ಬೆಳವಣಿಗೆ ನಿಧಾನ ಎಂಬ ಮೂಲ ಮಾತನ್ನು ಬಿಡಲಿಲ್ಲ. ಸರಿಪಡಿಸಿದ ಅಂಕಿಯಲ್ಲೂ ಸ್ವಲ್ಪ ಇಳಿಕೆ ಇದೆ. 90ಕ್ಕೆ ಪ್ರಪಾತ ಇದೆ ಎಂಬುದು ಮಾತ್ರ ಉಳಿಯಲಿಲ್ಲ. ಸಾಲದಿಂದ ಬೆಳವಣಿಗೆ ಕುಗ್ಗಿತಾ, ಬೆಳವಣಿಗೆ ಕುಗ್ಗಿದ್ದಕ್ಕೆ ಸಾಲ ಏರಿತಾ ಎಂಬ ಪ್ರಶ್ನೆ ಇನ್ನೂ ಹಾಗೇ ಇದೆ.

ಇನ್ನೊಂದು ಪುಸ್ತಕ, ಇದನ್ನು ಮನಸಾರೆ ಹೇಳುತ್ತೇನೆ. ಕ್ಲಾಡಿಯಾ ಗೋಲ್ಡಿನ್ ಅವರ 'ಕೆರಿಯರ್ ಅಂಡ್ ಫ್ಯಾಮಿಲಿ', 2021. ಅವರಿಗೆ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಓದಿದ ಗಂಡು ಹೆಣ್ಣು ಒಂದೇ ಸಂಬಳದಲ್ಲಿ ಕೆಲಸ ಶುರು ಮಾಡಿದರೂ ಹತ್ತು ಹದಿನೈದು ವರ್ಷಕ್ಕೆ ಅಂತರ ಯಾಕೆ ಬೀಳುತ್ತದೆ? ಕೆಲವು ಕೆಲಸಗಳು ದುರಾಸೆಯವು ಎನ್ನುತ್ತಾರೆ ಅವರು. ಯಾವ ಹೊತ್ತಿನಲ್ಲಿ ಕರೆದರೂ ಬಂದು ದುಪ್ಪಟ್ಟು ಹೊತ್ತು ದುಡಿಯುವವರಿಗೆ ದುಪ್ಪಟ್ಟಿಗಿಂತ ಜಾಸ್ತಿ ಸಿಗುತ್ತದೆ. ಮನೆಯಲ್ಲಿ ಮಗುವಿಗೆ ಜ್ವರ ಬಂದಾಗ ಯಾರಾದರೂ ಒಬ್ಬರು ಆ ಕೆಲಸ ಬಿಡಬೇಕು. ಬಿಡುವವರು ಯಾರು ಎನ್ನುವುದು ನಮಗೆಲ್ಲ ಗೊತ್ತು. ಅಮೆರಿಕದ ಫಾರ್ಮಸಿಸ್ಟ್‌ಗಳ ಉದಾಹರಣೆ ಕೊಡುತ್ತಾರೆ. ಅಲ್ಲಿ ಒಬ್ಬರ ಬದಲು ಇನ್ನೊಬ್ಬರು ಸಲೀಸಾಗಿ ನಿಲ್ಲಬಹುದು, ಹಾಗಾಗಿ ಅಂತರ ಕಡಿಮೆ. ನಾನು ಆ ಅಧ್ಯಾಯ ಓದಿ ಪುಸ್ತಕ ಮಡಿಲಲ್ಲಿಟ್ಟುಕೊಂಡು ತುಂಬಾ ಹೊತ್ತು ಕೂತಿದ್ದೆ. ನನ್ನ ಮನೆಯ ಹತ್ತು ವರ್ಷ ಅದರಲ್ಲಿತ್ತು.

ಮೂರನೇ ಸಾಲು

ರಾಜಕೀಯದ ಹತ್ತಿರ ಯಾರೂ ಬರುತ್ತಿಲ್ಲ, ನಾನೇ ಬರುತ್ತೇನೆ. ಪಕ್ಷಗಳ ಹೆಸರು ಬೇಡ, ಓದಿನ ಬಗ್ಗೆ ಮಾತ್ರ.

ಸ್ಟೀವನ್ ಲೆವಿಟ್ಸ್ಕಿ, ಡೇನಿಯಲ್ ಜಿಬ್ಲಾಟ್ ಬರೆದ 'ಹೌ ಡೆಮಾಕ್ರಸೀಸ್ ಡೈ', 2018. ಈಗ ಪ್ರಜಾಪ್ರಭುತ್ವ ಟ್ಯಾಂಕ್ ನುಗ್ಗಿ ಸಾಯುವುದು ಕಡಿಮೆ, ಚುನಾವಣೆಯಲ್ಲಿ ಗೆದ್ದವರ ಕೈಯಲ್ಲೇ ಸ್ವಲ್ಪ ಸ್ವಲ್ಪ ಸವೆಯುತ್ತದೆ ಎಂಬುದು ಅವರ ಮಾತು. ಕಾನೂನಿನಲ್ಲಿ ಬರೆಯದ ಎರಡು ನಡತೆಗಳು ಅದನ್ನು ಕಾಯುತ್ತವೆ. ಒಂದು, ಎದುರು ಪಕ್ಷದವರೂ ದೇಶದವರೇ, ಅಧಿಕಾರಕ್ಕೆ ಬರುವ ಹಕ್ಕು ಅವರಿಗೂ ಇದೆ ಎಂದು ಒಪ್ಪುವುದು. ಎರಡು, ಕಾನೂನು ಬಿಟ್ಟುಕೊಟ್ಟ ಅಧಿಕಾರವನ್ನೂ ಪೂರ್ತಿ ಬಳಸದೆ ತಡೆದುಕೊಳ್ಳುವುದು. ಎರಡನೆಯದು ನನ್ನನ್ನು ಬಿಡಲೇ ಇಲ್ಲ. 'ಕಾನೂನಿನಲ್ಲಿ ಅವಕಾಶ ಇದೆಯಲ್ಲ' ಎಂಬ ಮಾತು ಕೇಳಿದಾಗೆಲ್ಲ ನೆನಪಾಗುತ್ತದೆ.

ಈಗ ಎದುರು. ಆಂಡ್ರ್ಯೂ ಲಿಟಲ್, ಆ್ಯನ್ ಮೆಂಗ್ 2024ರಲ್ಲಿ ಒಂದು ಪ್ರಶ್ನೆ ಎತ್ತಿದರು. ಜಗತ್ತಿನಲ್ಲಿ ಪ್ರಜಾಪ್ರಭುತ್ವ ಕುಗ್ಗುತ್ತಿದೆ ಎನ್ನುವ ಅಳತೆಗಳಲ್ಲಿ ಹೆಚ್ಚಿನವು ತಜ್ಞರು ಕೊಟ್ಟ ಅಂಕಗಳು. ಅಂಕ ಕೊಡುವವರೂ ಸುದ್ದಿ ನೋಡುವ ಮನುಷ್ಯರೇ ಅಲ್ವಾ? ಹಾಗಾಗಿ ಅಂಕ ಬಿಟ್ಟು, ಕಣ್ಣಿಗೆ ಕಾಣುವುದನ್ನು ಎಣಿಸೋಣ ಎಂದರು. ಅಧಿಕಾರದಲ್ಲಿದ್ದವರು ಚುನಾವಣೆಯಲ್ಲಿ ಎಷ್ಟು ಸಲ ಸೋಲುತ್ತಾರೆ? ಗೆಲುವಿನ ಅಂತರ ಎಷ್ಟು? ಹಾಗೆ ಎಣಿಸಿದಾಗ ಅದರ ಹಿಂದಿನ ಹತ್ತು ವರ್ಷದಲ್ಲಿ ಜಗತ್ತಿನ ಮಟ್ಟದಲ್ಲಿ ಕುಸಿತಕ್ಕೆ ಹೆಚ್ಚಿನ ಪುರಾವೆ ಸಿಗಲಿಲ್ಲ. ತಜ್ಞರ ಅಂಕ ಕಲೆಹಾಕುವ ವಿ-ಡೆಮ್ ಸಂಸ್ಥೆಯವರು ಇದಕ್ಕೆ ಉತ್ತರ ಬರೆದರು. ಅದೂ ಗಟ್ಟಿಯಾದ ಉತ್ತರ. ಎಣಿಸಲು ಆಗುವುದನ್ನೇ ಎಣಿಸಿದರೆ ಎಣಿಕೆಗೆ ಸಿಗದ ಹಾನಿ ಕಾಣುವುದಿಲ್ಲ, ತಜ್ಞರ ಮನಸ್ಸು ವಾಲಿದೆ ಎನ್ನಲು ಆಧಾರವಿಲ್ಲ ಎಂದು.

ನನ್ನ ಅಭಿಪ್ರಾಯ ಕೇಳಿದರೆ, ವಿ-ಡೆಮ್ ಕಡೆ ಸ್ವಲ್ಪ ವಾಲುತ್ತೇನೆ. ಒಬ್ಬ ಪತ್ರಕರ್ತ ಹೆದರಿ ಬರೆಯದೆ ಬಿಟ್ಟ ಸುದ್ದಿಯನ್ನು ಯಾವ ಕೋಷ್ಟಕದಲ್ಲಿ ಎಣಿಸೋಣ? ಆದರೂ ಲಿಟಲ್, ಮೆಂಗ್ ಕೇಳಿದ ಪ್ರಶ್ನೆ ಕೇಳಲೇಬೇಕಾದದ್ದು. ಅದನ್ನು ಓದುವ ಮುಂಚೆ, ಒಂದು ದೇಶಕ್ಕೆ '0.7' ಎಂದು ಬರೆದಿದ್ದರೆ ಆ 7 ಎಲ್ಲಿಂದ ಬಂತು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಬಿಡಿಭಾಗ

ತಂತ್ರಜ್ಞಾನ, ಅರ್ಥವ್ಯವಸ್ಥೆ ಎರಡೂ ಸೇರಿದ ಜೋಡಿ ಒಂದಿದೆ. ಎಐಯಿಂದ ಸಂಪತ್ತು ಎಷ್ಟು ಬೆಳೆಯುತ್ತದೆ? 2023ರಲ್ಲಿ ಅಮೆರಿಕದ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನ ವರದಿ, ಹತ್ತು ವರ್ಷದಲ್ಲಿ ಜಗತ್ತಿನ ಜಿಡಿಪಿ ಶೇ. 7 ಏರಬಹುದು ಎಂದಿತು. 2024ರಲ್ಲಿ ಅರ್ಥಶಾಸ್ತ್ರಜ್ಞ ಡರನ್ ಅಸೆಮೊಗ್ಲು ಬೇರೆ ಲೆಕ್ಕ ಹಾಕಿದರು. ಎಷ್ಟು ಕೆಲಸಗಳನ್ನು ಎಐ ಮಾಡಬಲ್ಲದು, ಅದರಲ್ಲಿ ಹತ್ತು ವರ್ಷದೊಳಗೆ ಲಾಭಕ್ಕೆ ಬರುವುದು ಎಷ್ಟು, ಪ್ರತಿಯೊಂದರಲ್ಲಿ ಉಳಿಯುವ ಖರ್ಚೆಷ್ಟು ಎಂದು ಒಂದೊಂದಾಗಿ ಗುಣಿಸಿದರು. ಹತ್ತು ವರ್ಷಕ್ಕೆ ಒಟ್ಟು ಉತ್ಪಾದಕತೆ ಶೇ. 0.66ಕ್ಕಿಂತ ಜಾಸ್ತಿ ಏರುವುದಿಲ್ಲ ಎಂದು ಬಂತು. ಒಂದು ಜಿಡಿಪಿ, ಇನ್ನೊಂದು ಉತ್ಪಾದಕತೆ, ನೇರ ಹೋಲಿಕೆ ಆಗುವುದಿಲ್ಲ. ಆದರೂ ಇಷ್ಟು ದೂರ ಯಾಕೆ ಎಂದು ನೋಡಿದರೆ ಜಗಳ ಇರುವುದು ಗಣಿತದಲ್ಲಲ್ಲ. ರಾತ್ರಿ ಪಾಳಿಯವರ ಆ ಚೌಕವನ್ನು ಕೆಲಸದ ಎಷ್ಟನೇ ಪಾಲು ಎಂದು ಎಣಿಸಬೇಕು ಎನ್ನುವುದರಲ್ಲಿದೆ.

ಅಸೆಮೊಗ್ಲು, ಸೈಮನ್ ಜಾನ್ಸನ್ ಸೇರಿ ಬರೆದ 'ಪವರ್ ಅಂಡ್ ಪ್ರೋಗ್ರೆಸ್', 2023ರದ್ದು, ಇದರ ಹಿಂದಿನ ದೊಡ್ಡ ಕಥೆ. ಹೊಸ ಯಂತ್ರ ಬಂದ ತಕ್ಷಣ ಎಲ್ಲರ ಬದುಕೂ ಮೇಲೇಳುವುದಿಲ್ಲ, ಲಾಭ ಯಾರಿಗೆ ಹೋಗಬೇಕು ಎಂದು ಯಾರೋ ನಿರ್ಧಾರ ಮಾಡಿರುತ್ತಾರೆ ಎಂಬ ವಾದ. ನಡುವೆ ಸ್ವಲ್ಪ ಎಳೆದಿದ್ದಾರೆ. ಆದರೂ ಬಟ್ಟೆ ಗಿರಣಿಗಳ ಭಾಗ ಬಿಡಬೇಡಿ.

ರಾತ್ರಿ ಪಾಳಿ

ಬಿಡಿಭಾಗ ಅವರೇ, ನನ್ನ ಕೈಯಲ್ಲಿ ಎಣಿಸಿದ್ದನ್ನು ಹೇಳುತ್ತೇನೆ. ನಿನ್ನೆ ರಾತ್ರಿ ಪಾಳಿಯಲ್ಲಿ ಗಮನ ಇಟ್ಟು ನೋಡಿದೆ. ರೋಗಿಯನ್ನು ಕರೆಯುವುದು, ಮಲಗಿಸುವುದು, ನೋವಿರುವ ಕಡೆ ಕೈ ತಾಗದಂತೆ ತಿರುಗಿಸುವುದು, ಉಸಿರು ಹಿಡಿಯಿರಿ ಎನ್ನುವುದು, ಅಲುಗಾಡಿದ್ದರೆ ಮತ್ತೆ ತೆಗೆಯುವುದು. ಇವುಗಳಲ್ಲಿ ಯಾವುದರಲ್ಲೂ ಆ ತಂತ್ರಾಂಶ ಇರಲಿಲ್ಲ. ಅದು ಬಂದದ್ದು ಚಿತ್ರ ಸಿಕ್ಕ ಮೇಲೆ.

ಮಿಡ್ ಆಫ್

ಮತ್ತೆ ಬಂದಿದ್ದೇನೆ. ಟೀಚರ್ ಹೇಳಿದ ಪಲಾಸಿಯೋಸ್-ಹುವೆರ್ತಾ ಬರಹ ಓದಿದೆ. ಸಾರಾಂಶ, ಕೋಷ್ಟಕ, ಆಮೇಲೆ ನಡುವಿನದೂ.

ಮೇಲೆ ನಾನು 'ನಿಲ್ಲು' ಎನ್ನುತ್ತೇನೆ ಎಂದು ಬರೆದಿದ್ದೆ. ಅದನ್ನು ವಾಪಸ್ ತಗೊಳ್ಳುತ್ತೇನೆ. ಗೋಲ್‌ಕೀಪರ್ ನಡುವೆ ನಿಲ್ಲುವುದು ಜಾಸ್ತಿಯಾದರೆ ಒದೆಯುವವನು ಸುಮ್ಮನಿರುತ್ತಾನಾ? ಮೂಲೆಗೆ ಒದೆಯುತ್ತಾನೆ. ನಡುವೆ ನಿಂತದ್ದು ಫಲ ಕೊಟ್ಟದ್ದೇ ಅದು ಅಪರೂಪ ಆದ್ದರಿಂದ ಇರಬಹುದು. ಆದರೆ ಎರಡನೆಯ ಬರಹ ಮೊದಲನೆಯದನ್ನು ಪೂರ್ತಿ ಅಳಿಸುತ್ತದೆ ಎಂದೂ ಅನ್ನಿಸಲಿಲ್ಲ. 6.3 ಎಂಬುದು ಕಡಿಮೆಯೇ. 10 ಇರಬೇಕಿತ್ತೋ 15 ಇರಬೇಕಿತ್ತೋ, ಆ 18 ಪೆನಾಲ್ಟಿಗಳಿಂದ ಹೇಳಲು ಆಗುವುದಿಲ್ಲ.

ಈಗ ಇನ್ನೊಂದು ತಲೆಗೆ ಹತ್ತಿದೆ. ಕ್ರಿಕೆಟ್‌ನಲ್ಲಿ ಬ್ಯಾಟರ್ 'ಫಾರ್ಮ್‌ನಲ್ಲಿದ್ದಾನೆ' ಎನ್ನುತ್ತೇವಲ್ಲ. ಎರಡು ಅರ್ಧಶತಕ ಆದ ಮೇಲಿನ ಇನಿಂಗ್ಸ್‌ಗಳನ್ನು ಮಾತ್ರ ಆರಿಸಿ ಸರಾಸರಿ ತೆಗೆದರೆ, ನಾಣ್ಯದ ಆ ಶೇ. 42ರ ಜಾರು ಅಲ್ಲೂ ಇರಬೇಕು ತಾನೇ?

ಲೆಕ್ಕದ ಟೀಚರ್

ಇರಬೇಕು. ಸರಣಿ ಚಿಕ್ಕದಾದಷ್ಟೂ ಜಾಸ್ತಿ ಇರುತ್ತದೆ. ಒಬ್ಬ ಬ್ಯಾಟರ್‌ನ ಇಡೀ ವೃತ್ತಿಯ ಸ್ಕೋರುಗಳನ್ನು ಸಾಲಾಗಿ ಬರೆದು ತನ್ನಿ, ಅದೇ ಸ್ಕೋರುಗಳನ್ನು ಚೀಟಿ ಮಾಡಿ ಕಲೆಸಿ ಕಲೆಸಿ ಹೋಲಿಸೋಣ. ಭಾನುವಾರ ನಾನು ಬಿಡುವಾಗಿದ್ದೇನೆ.